ಅಂಗಳದಲ್ಲಿ ಮೊಸಳೆ ಇಟ್ಟ ಮೊಟ್ಟೆಗಳು

ಕಾಪುರೊ
14 ನವೆಂಬರ್ 1976

ಪ್ರೀತಿಯ ಅಪ್ಪನಿಗೆ ಎಕುವಳ ನಮಸ್ಕಾರ.

ಸುಖವಾಗಿ ಬಂದು ಸೇರಿದೆ. ಈರುಳ್ಳಿ ಲಾರಿಯ ಮುಂದಿನ ಸೀಟಿನಲ್ಲೇ ಕೂತು ಬಂದರೂ ನನ್ನ ಸೊಂಟ ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಉತ್ತರದ ತಮಾಲೆ ಪಟ್ಟಣ ದಾಟಿದ ಮೇಲೆ ಗಾಳಿಯಲ್ಲಿ ಉಪ್ಪಿನ ವಾಸನೆಯೇ ಇರಲಿಲ್ಲ. ಆಗ ಸ್ವಲ್ಪ ಅತ್ತೆ. ವೆಡಾಂ ಡ್ರೈವರ್ ಬುಕಾರಿಗೆ ಹೇಳಿ ಲಾರಿ ನಿಲ್ಲಿಸಿ, "ಸಮುದ್ರಾನಂತೂ ತರಕ್ಕಾಗಲ್ಲ, ಹಿಂದೆ ಉಪ್ಪಿನ ಮೂಟೆ ಇದೆ, ಬೇಕಾದ್ರೆ ಹೋಗಿ ಮೂಸು" ಅಂದ. ಹೊಸ ಗಂಡನ ಸಮಾಧಾನ ಇಷ್ಟು. ಅಳು ಬಿಟ್ಟು ನಕ್ಕೆ.

ಮನೆ ಚೆನ್ನಾಗಿದೆ. ಮಣ್ಣಿನ ಗೋಡೆ, ಚಪ್ಪಟೆ ಮಾಳಿಗೆ. ಬಾಗಿಲು ಎಷ್ಟು ಗಿಡ್ಡವೆಂದರೆ ಮಂಡಿಯೂರಿಯೇ ಒಳಗೆ ಹೋಗಬೇಕು; ನಿನ್ನ ಹೊಟ್ಟೆ ಇದರಲ್ಲಿ ಖಂಡಿತ ಸಿಕ್ಕಿಕೊಳ್ಳುತ್ತದೆ. ಗೋಡೆಗಳ ಮೇಲೆ ಇಲ್ಲಿನ ಹೆಂಗಸರು ಕೆಂಪು, ಕಪ್ಪು, ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಅತ್ತೆಯ ಹೆಸರು ಕಚನ; ಪ್ರಾಯದಲ್ಲಿ ದಕ್ಷಿಣದ ಕೋಕೋ ತೋಟಗಳಲ್ಲಿ ದುಡಿದವರು. ಹಾಗಾಗಿ ನಮ್ಮ ಭಾಷೆ ಬರುತ್ತದೆ, ಬಚಾವಾದೆ. ಮಾತು ಕಡಿಮೆ, ನೋಟ ಜಾಸ್ತಿ. ಮಾವನ ಹೆಸರು ಲುಗುಟುವ, ಮನೆಯ ಯಜಮಾನರು. ಬೆಳಗ್ಗೆ ಎದ್ದು ಮನೆಯವರ ಹೆಸರನ್ನೆಲ್ಲ ಒಂದೊಂದಾಗಿ ಕೂಗಿ, ಓ ಅನ್ನಿಸಿಕೊಂಡ ಮೇಲೆಯೇ ಅವರು ಬಾಯಿಗೆ ನೀರು ಹಾಕುವುದು.

ಕೆರೆ ಹಿತ್ತಲಿಗೆ ಅಂಟಿಕೊಂಡೇ ಇದೆ. ಮನೆ ತುಂಬ ಪ್ರಾಣಿಗಳು. ಮೇಕೆ, ಗಿನಿಕೋಳಿ, ಒಂದು ಮುದಿ ಕತ್ತೆ, ಮತ್ತೆ ಇನ್ನು ಕೆಲವು. ನನ್ನ ಬಗ್ಗೆ ಚಿಂತೆ ಮಾಡಬೇಡ. ಅಮ್ಮನಿಗೂ ಹೇಳು.

ನಿನ್ನ ಎಕುವ


ಎಲ್ಮಿನಾ
9 ಡಿಸೆಂಬರ್ 1976

ಎಕುವ,

"ಮತ್ತೆ ಇನ್ನು ಕೆಲವು" ಎಂದು ಬರೆದಿದ್ದೀಯ. ಎಷ್ಟು ನಯವಾದ ಮಾತು. ನಿನ್ನೆ ಲಾರಿಯ ಬುಕಾರಿ ಮೀನು ತುಂಬಿಸಿಕೊಳ್ಳಲು ಬಂದಿದ್ದ. ನಮ್ಮ ಹುಡುಗಿ ಹೇಗಿದ್ದಾಳಪ್ಪ ಎಂದರೆ, "ಚೆನ್ನಾಗವಳೆ, ಮೊಸಳೆ ಪಕ್ಕ ಕೂತು ಬಟ್ಟೆ ಒಗೀತಾ ಇದ್ಲು" ಎಂದ. ಹವಾಮಾನ ಹೇಳುವವನ ಹಾಗೆ ಹೇಳಿದ. ನಿನ್ನ ಅಮ್ಮ ಕೈಯಲ್ಲಿದ್ದ ಮೀನಿನ ತಟ್ಟೆಯನ್ನು ಹಾಗೇ ಕೆಳಗೆ ಬಿಟ್ಟಳು.

ನನ್ನ ತಮ್ಮ ಎಕೋ ಹೇಗೆ ಹೋದ ಎನ್ನುವುದು ನಿನಗೆ ಗೊತ್ತು. ದೋಣಿಗೆ ಮರ ಕಡಿಯಲು ಪ್ರಾ ನದಿಯ ಕಡೆ ಹೋಗಿದ್ದೆವು. ಊಟಕ್ಕೆ ಮೊದಲು ಕೈ ತೊಳೆದು ಬರುತ್ತೇನೆಂದು ದಡಕ್ಕೆ ಇಳಿದ. ನಾನು ಮೆಕ್ಕೆಜೋಳದ ಕೆಂಕೆ ಉಂಡೆಗೆ ಸುತ್ತಿದ ಎಲೆ ಬಿಚ್ಚುತ್ತಿದ್ದೆ. ಒಂದು ಸದ್ದು ಕೇಳಿತು, ಅಷ್ಟೇ. ಅವನ ಟೋಪಿ ಬಿಟ್ಟರೆ ನಮಗೆ ಏನೂ ಸಿಗಲಿಲ್ಲ. ಇದನ್ನು ನಿನಗೆ ಒಂದೇ ಸಲ ಹೇಳಿದ್ದೆ. ನೀನು ಮರೆತಿಲ್ಲ, ಅದಕ್ಕೇ ಮುಚ್ಚಿಟ್ಟಿದ್ದೀಯ.

ವೆಡಾಂ ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಕೋಪವಿಲ್ಲ, ಅವನೂ ನಿನ್ನ ಜೊತೆ ಬರಲಿ. ನಮ್ಮ ದೋಣಿಗೆ ಒಬ್ಬ ಆಳು ಕಡಿಮೆ ಇದ್ದಾನೆ. ಆದರೆ ಮೊಸಳೆ ಓಡಾಡುವ ಮನೆಯಲ್ಲಿ ನನ್ನ ಮಗಳು ಬಾಳುವುದು ಬೇಡ. ಮುಂದಿನ ಲಾರಿಗೆ ಹೊರಟು ಬಾ.

ನಿನ್ನ ಅಪ್ಪ
ಎಗ್ಯಿರ್ ಎಸಿಲ್ಫಿ


ಕಾಪುರೊ
2 ಜನವರಿ 1977

ಅಪ್ಪಾ,

ನಿನ್ನ ಪತ್ರ ಓದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮುಚ್ಚಿಟ್ಟದ್ದು ನಿಜ. ಇನ್ನು ಮುಚ್ಚಿಡುವುದಿಲ್ಲ, ಪೂರ್ತಿ ಓದಿ ಆಮೇಲೆ ಬೈಯಿ.

ಬಂದ ಮರುದಿನ ಬೆಳಗ್ಗೆ ಮಂಡಿಯೂರಿ ಬಾಗಿಲಿನಿಂದ ತಲೆ ಹೊರಗೆ ಹಾಕಿದೆ. ನನ್ನ ಮುಖದ ಎದುರಿಗೆ ಒಂದು ಬಾಲ. ಹಾಗೇ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ಕೂತೆ. ಆಗ ಹೊರಗಿನಿಂದ ಅತ್ತೆಯ ದನಿ. ನನ್ನನ್ನು ಬೈಯುತ್ತಿದ್ದಾರೆಂದುಕೊಂಡೆ. ಬೈಯುತ್ತಿದ್ದದ್ದು ಮೊಸಳೆಯನ್ನು. ವೆಡಾಂ ಆಮೇಲೆ ಅರ್ಥ ಹೇಳಿದ: "ಹೊಸ ಸೊಸೆ ಬಾಗಿಲಲ್ಲೇ ಬಂದು ಬಿದ್ಕೊಂಡಿದ್ದೀಯಲ್ಲ, ನಾಚಿಕೆ ಆಗಲ್ವ ನಿಂಗೆ? ಆ ಕಡೆ ಬಿಸಿಲಿಲ್ವ?" ಅದು ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ ಎದ್ದು, ಆ ಕಡೆ ಹೋಗಿ ಮಲಗಿತು.

ಈಗ ಧೂಳುಗಾಳಿಯ ಕಾಲ, ಬೆಳಗ್ಗೆ ಕೊರೆಯುವ ಚಳಿ. ಅವು ಕೆರೆಯಿಂದ ಮೆಲ್ಲಗೆ ನಡೆದು ಬಂದು ಬಿಸಿಲು ತಾಗುವ ಗೋಡೆಗಳಿಗೆ ಮಗ್ಗುಲು ಕೊಟ್ಟು ಮಲಗುತ್ತವೆ. ಮಕ್ಕಳು ಸುತ್ತಿ ಬಳಸಿ ಹೋಗುತ್ತಾರೆ, ಯಾರೂ ದಾಟುವುದಿಲ್ಲ. ಹಿರಿಯರನ್ನು ದಾಟಬಾರದಲ್ಲ, ಹಾಗೆ. ಅವುಗಳ ಎದುರು ಓಡಬಾರದು, ಕೆರೆಯಲ್ಲಿ ರಕ್ತ ತೊಳೆಯಬಾರದು, ಸಂಜೆ ನೀರಿಗೆ ಇಳಿಯುವ ಮೊದಲು ನಾನು ಬಂದೆ ಎಂದು ಹೇಳಬೇಕು. ಈ ಊರಿನಲ್ಲಿ ಯಾರನ್ನೂ ಮೊಸಳೆ ಮುಟ್ಟಿದ್ದನ್ನು ಮಾವನ ಅಜ್ಜಂದಿರೂ ಕಂಡಿಲ್ಲವಂತೆ. ಈ ಊರಿನವರು ಯಾರೂ ಮೊಸಳೆಯನ್ನು ಮುಟ್ಟಿದ್ದೂ ಇಲ್ಲ. ಮನೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಕೆರೆಯಲ್ಲಿ ಅದರ ಜೊತೆಜೀವವಾಗಿ ಒಂದು ಮೊಸಳೆಮರಿ ಹುಟ್ಟುತ್ತದೆ ಎಂದು ಇವರು ನಂಬುತ್ತಾರೆ. ಅದಕ್ಕೆ ನೋವಾದರೆ ಇದಕ್ಕೂ ನೋವು.

ನನ್ನ ಬಾಗಿಲಿಗೆ ಬಂದದ್ದು ಎಲ್ಲಕ್ಕಿಂತ ದೊಡ್ಡದು. ಹಿರಿಯಳು ಅಂತ ಕರೆಯುತ್ತಾರೆ. ಅವಳನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ ಅಪ್ಪಾ. ಅಷ್ಟು ಬಲ ಇಟ್ಟುಕೊಂಡು ಅಷ್ಟು ಸುಮ್ಮನಿರುವುದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ನಿನ್ನಲ್ಲಂತೂ ಇಲ್ಲವೇ ಇಲ್ಲ.

ಚಿಕ್ಕಪ್ಪನನ್ನು ಮರೆತಿಲ್ಲ. ಆದರೆ ನಾನು ಬರುವುದಿಲ್ಲ. ಇನ್ನೊಂದು ಸುದ್ದಿ. ಕೋಪ ಇಳಿಯಲಿ ಎಂದು ಕೊನೆಗೆ ಇಟ್ಟಿದ್ದೇನೆ. ನೀನು ಅಜ್ಜ ಆಗುತ್ತೀಯ. ಮಳೆಗಾಲದ ನಡುವೆ.

ಎಕುವ


ಎಲ್ಮಿನಾ
25 ಜನವರಿ 1977

ಎಕುವ ತಾಯೀ,

ಕೊನೆಯ ಸಾಲನ್ನು ಮೊದಲು ಬರೆಯಬಾರದಿತ್ತೇ? ಸುಮ್ಮನಿರುವ ವಿಷಯದಲ್ಲಿ ಮೊಸಳೆಗೆ ನನ್ನನ್ನು ಹೋಲಿಸಿ ಕೆಳಗೆ ಹಾಕಿದ್ದನ್ನು ಓದಿ, ಬೈಗುಳವನ್ನೆಲ್ಲ ಬಾಯಲ್ಲಿ ಕೂಡಿಸಿಕೊಂಡಿದ್ದೆ. ಆಮೇಲೆ ಆ ಸಾಲು ಬಂತು. ಕೂಡಿಸಿದ್ದೆಲ್ಲ ವ್ಯರ್ಥ. ನಿನ್ನ ಅಮ್ಮ ಕುಣಿದಳು, ಅವಳ ಮಂಡಿ ನೋವು ಎಲ್ಲಿ ಹೋಯಿತೋ. ಭಾನುವಾರ ಚರ್ಚಿನ ಹಾಡುಗಾರರಲ್ಲಿ ನನ್ನ ದನಿಯೇ ಮೇಲಿತ್ತೆಂದು ಎಲ್ಲರೂ ದೂರಿದರು.

ಈಗ ನನ್ನ ಮಾತು ಕೇಳು. ಮೊದಲ ಹೆರಿಗೆ ತಾಯಿಯ ಮನೆಯಲ್ಲಿ. ನಮ್ಮಲ್ಲಿ ಎಂದಿನಿಂದಲೂ ಹಾಗೆಯೇ. ಮಳೆ ಹಿಡಿದು ರಸ್ತೆ ಕೆಡುವ ಮುಂಚೆ, ಏಪ್ರಿಲ್ ಹೊತ್ತಿಗೆ ನೀನು ಇಲ್ಲಿರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಬುಕಾರಿಯ ಕೈಯಲ್ಲಿ ಎರಡು ಬುಟ್ಟಿ ಹೊಗೆಮೀನು ಕಳಿಸಿದ್ದೇನೆ. ಅಲ್ಲಿನ ಕೆರೆ ಮೀನನ್ನೂ ಹೊಗೆಗಿಟ್ಟು ತಿನ್ನಬೇಕಂತೆ, ಬಸುರಿಗೆ ಒಳ್ಳೆಯದಂತೆ. ಒಲೆ ಕಟ್ಟುವ ಬಗೆಯನ್ನು ನಿನ್ನ ಅಮ್ಮ ಹೇಳಿ ಬರೆಸುತ್ತಿದ್ದಾಳೆ: ಗೋಡೆಯ ಮರೆ ಇರಬೇಕು, ಗಾಳಿ ಬೆನ್ನಿಗೆ ಬರಬೇಕು, ಮೊಣಕೈ ಆಳ ಅಗೆಯಬೇಕು. ಆ ಪ್ರಾಣಿ ಏನು ತಿನ್ನುತ್ತದೆ ಎಂದೂ ಕೇಳಬೇಕಂತೆ. ಕೇಳಿದ್ದು ಅವಳು, ನಾನಲ್ಲ.

ಅಪ್ಪ


ಕಾಪುರೊ
6 ಮಾರ್ಚ್ 1977

ಅಪ್ಪಾ,

ನಾನೊಂದು ತಪ್ಪು ಮಾಡಿದ್ದೇನೆ. ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳಿಕೊಳ್ಳಲಾರೆ.

ಅಮ್ಮ ಹೇಳಿದಂತೆಯೇ ಒಲೆಗೆ ಜಾಗ ಹುಡುಕಿದೆ. ನನ್ನ ಕೋಣೆಯ ಗೋಡೆಯ ಬುಡದಲ್ಲಿ, ಬಾಗಿಲಿನ ಪಕ್ಕದಲ್ಲೇ, ಗಾಳಿಯ ಮರೆ ಇತ್ತು, ಮಣ್ಣು ಸಡಿಲವಾಗಿತ್ತು. ಮಧ್ಯಾಹ್ನ ಎಲ್ಲರೂ ಹೊಲದಲ್ಲಿದ್ದರು. ಅಗೆದೆ. ಮೊಣಕೈ ಆಳಕ್ಕೆ ಹೋಗುವ ಮೊದಲೇ ಬಿಳಿ ಮೊಟ್ಟೆಗಳು ಸಿಕ್ಕವು. ಉದ್ದನೆಯವು, ಇಪ್ಪತ್ತಕ್ಕೂ ಹೆಚ್ಚು. ಹಿರಿಯಳವು ಎಂದು ನೋಡಿದ ಕೂಡಲೇ ಗೊತ್ತಾಯಿತು. ಒಲೆ ಉರಿದರೆ ಬೆಂದು ಹೋಗುತ್ತವಲ್ಲ ಎಂದು ಮನಸ್ಸು ಕರಗಿತು. ನೀನು ಏನು ಮಾಡುತ್ತಿದ್ದೆ ನೆನಪಿದೆಯೇ? ಕಡಲಾಮೆ ಅಲೆ ಬಡಿಯುವ ಕಡೆ ಮೊಟ್ಟೆ ಇಟ್ಟರೆ, ಬುಟ್ಟಿಗೆ ತುಂಬಿಕೊಂಡು ಮೇಲಿನ ಮರಳಿಗೆ ಸಾಗಿಸುತ್ತಿದ್ದೆ. ನಾನೂ ಹಾಗೇ ಮಾಡಿದೆ. ಬುಟ್ಟಿಗೆ ತುಂಬಿ, ಮೇಲಿನ ಮಣ್ಣು ಉಜ್ಜಿ ತೆಗೆದು, ಕೆರೆಯ ಹತ್ತಿರದ ಮರಳಲ್ಲಿ ಹೂತೆ. ಒಳ್ಳೆಯ ಕೆಲಸ ಮಾಡಿದೆನೆಂದು ಹಾಡಿಕೊಂಡು ಬಂದೆ.

ಸಂಜೆ ಹಿರಿಯಳು ಬಂದಳು. ಖಾಲಿ ಗುಂಡಿಯ ಮೇಲೆ ಗಲ್ಲ ಇಟ್ಟು ಮಲಗಿದಳು. ಕದಲಲಿಲ್ಲ. ಹೊಲದಿಂದ ಬಂದ ಮಾವ ಅದನ್ನು ನೋಡಿ ಗುದ್ದಲಿ ಹೆಗಲ ಮೇಲೆ ಇದ್ದ ಹಾಗೆಯೇ ನಿಂತುಬಿಟ್ಟರು. ನಾನೇ ಹೋಗಿ ಹೇಳಿದೆ. ಯಾರೂ ಬೈಯಲಿಲ್ಲ ಅಪ್ಪಾ. ಬೈದಿದ್ದರೆ ಚೆನ್ನಾಗಿತ್ತು. ಅವಳು ನೀರಿಗೆ ಹೋದ ಮೇಲೆ ಮಾವನೂ ವೆಡಾಂನೂ ಒಂದೊಂದೇ ಮೊಟ್ಟೆಯನ್ನು ಅಂಗೈಯಲ್ಲಿ ತಂದು ಮೊದಲಿನ ಜಾಗದಲ್ಲೇ ಇಟ್ಟು ಮುಚ್ಚಿದರು.

ಮರುದಿನ ಅವಳು ಬಂದು ಕಾವಲು ಮಲಗಿದಳು. ನನ್ನ ಬಾಗಿಲಿಗೆ ದಾರಿಯೇ ಇಲ್ಲ. ಇವರು ಏನು ಮಾಡಿದರು ಗೊತ್ತೇ? ನನ್ನ ಕೋಣೆಯ ಹಿಂದಿನ ಗೋಡೆ ಒಡೆದು ಹೊಸ ಬಾಗಿಲು ಮಾಡಿದರು, ಹಳೆಯದಕ್ಕೆ ಮಣ್ಣು ಮೆತ್ತಿದರು. ಮೊಸಳೆಗೆ ತೊಂದರೆ ಆಗಬಾರದೆಂದು ಮನೆಯನ್ನೇ ತಿರುಗಿಸಿದರು. ಇಂಥ ಜನ ಇವರು.

ಆದರೆ ನನ್ನ ಮಗುವಿನ ಜೊತೆಜೀವ ಆ ಗೂಡಿನಲ್ಲಿದೆ ಎಂದು ಮನೆಯವರೆಲ್ಲ ನಂಬಿದ್ದಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಅತ್ತೆ ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಆ ಮಣ್ಣು ನೋಡುತ್ತಾರೆ. ನಾನೂ ನಂಬತೊಡಗಿದ್ದೇನೆ. ಏಪ್ರಿಲ್‌ಗೆ ಬರಲಾರೆ. ಅವು ಒಡೆಯುತ್ತವೋ ಇಲ್ಲವೋ ತಿಳಿಯುವವರೆಗೆ ಈ ಅಂಗಳ ಬಿಟ್ಟು ಹೆಜ್ಜೆ ಇಡಲಾರೆ. ನೀನು ಸಾಗಿಸಿದ ಆಮೆ ಮೊಟ್ಟೆಗಳು ಎಲ್ಲವೂ ಒಡೆದವೇ? ನಿಜ ಹೇಳು.

ಎಕುವ


ಎಲ್ಮಿನಾ
28 ಮಾರ್ಚ್ 1977

ಮಗಳೇ,

"ಎಲ್ಲಾ ಸರಿಹೋಗುತ್ತೆ ಅಂತ ಬರೀರಿ, ಬಸುರಿ ಹುಡುಗಿ" ಎಂದಳು ನಿನ್ನ ಅಮ್ಮ. ಬರೆದೆ. ಹರಿದು ಹಾಕಿದೆ. ನಿಜ ಕೇಳಿದ್ದೀಯ.

ಮೊಟ್ಟೆ ತೆಗೆಯುವಾಗ ಮೇಲಿದ್ದ ಮಗ್ಗುಲು ಮೇಲೆಯೇ ಇರಬೇಕು. ತಿರುವಿದರೆ ಒಳಗಿನ ಜೀವಕ್ಕೆ ಉಸಿರು ಕಟ್ಟುತ್ತದೆ. ನಾನು ಬೆರಳಿನಿಂದ ಮಸಿ ಗುರುತು ಹಾಕಿಕೊಂಡು ತೆಗೆಯುತ್ತಿದ್ದೆ. ನೀನು ಆಗ ತೀರಾ ಚಿಕ್ಕವಳು, ಬುಟ್ಟಿ ನೋಡಿದ್ದೀಯ, ಮಸಿ ನೋಡಿಲ್ಲ. ಅಷ್ಟು ಜೋಪಾನ ಮಾಡಿದರೂ ಕೆಲವು ಗೂಡುಗಳಲ್ಲಿ ಅರ್ಧಕ್ಕರ್ಧ ಒಡೆಯುತ್ತಿರಲಿಲ್ಲ. ಆದರೆ ಒಂದೂ ಒಡೆಯದ ಗೂಡನ್ನು ನಾನು ಕಂಡಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ.

ಮಗುವಿಗೂ ಮೊಟ್ಟೆಗೂ ಏನು ಸಂಬಂಧ, ಇದೆಲ್ಲ ಮೂಢತನ ಎಂದು ಬರೆಯಲು ಹೊರಟೆ. ಹೊಸ ದೋಣಿ ನೀರಿಗೆ ಇಳಿಸುವಾಗ ಸಮುದ್ರಕ್ಕೆ ಹೆಂಡ ಸುರಿಯುವ, ಸಮುದ್ರದ ದಿನವೆಂದು ಮಂಗಳವಾರ ಬಲೆ ಮುಟ್ಟದ ನಾನು ಯಾವ ಬಾಯಲ್ಲಿ ಅದನ್ನು ಹೇಳಲಿ?

ಭಾನುವಾರ ಎಲ್ಲರೂ ಎದ್ದು ಹೋದ ಮೇಲೆ ಚರ್ಚಿನ ಬೆಂಚಿನಲ್ಲಿ ಕೂತಿದ್ದೆ. ಏನೆಂದು ಕೇಳಿಕೊಳ್ಳಲಿ? ನನ್ನ ತಮ್ಮನನ್ನು ತಿಂದ ಕುಲದ ಮೊಟ್ಟೆಗಳು ಒಡೆಯಲಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಕೇಳಿದೆ.

ಇನ್ನು ಅವನ್ನು ಮುಟ್ಟಬೇಡ. ಅವಳ ಕೆಲಸ ಅವಳಿಗೆ ಬಿಡು. ಚೆನ್ನಾಗಿ ತಿನ್ನು.

ಅಪ್ಪ


ಕಾಪುರೊ
20 ಏಪ್ರಿಲ್ 1977

ಅಪ್ಪಾ,

ಎಲ್ಮಿನಾಗೆ ಬಾ ಎಂಬ ಮಾತು ಈ ಸಲದ ಪತ್ರದಲ್ಲಿ ಇರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಬಿಸಿಲು ಸುಡುತ್ತಿದೆ. ಕೆರೆ ಅರ್ಧಕ್ಕೆ ಇಳಿದಿದೆ. ಹಿರಿಯಳು ಗೂಡು ಬಿಟ್ಟು ಹೋಗುವುದೇ ಅಪರೂಪ. ಅವಳು ಏನನ್ನಾದರೂ ತಿಂದದ್ದನ್ನು ನಾನು ಕಂಡು ತಿಂಗಳಾಯಿತು. ಅವಳಿಂದ ಸ್ವಲ್ಪ ದೂರದಲ್ಲಿ, ಅವಳ ಕಣ್ಣಿಗೆ ಬೀಳುವ ಹಾಗೆ ಕೂತು ಕಾಳು ಹಸನು ಮಾಡುತ್ತೇನೆ. ಅವಳು ನೋಡುತ್ತಾಳೆ, ನಾನೂ ನೋಡುತ್ತೇನೆ. ಇಬ್ಬರಿಗೂ ಬೇರೆ ಕೆಲಸವಿಲ್ಲ.

ಮೊನ್ನೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಅಷ್ಟು ದಿನದ ಮೌನ ಮುರಿದು ನಾನೇ, ನನ್ನ ಮೇಲೆ ಕೋಪವಿದೆಯೇ ಎಂದು ಕೇಳಿದೆ. ಅವರು ಕೈಯಲ್ಲಿನ ಕಾಳು ಬಿಡಲಿಲ್ಲ.

"ನಂಗೆ ಕೋಪ ಬಂದಿದ್ರೆ ನಿಂಗೆ ಗೊತ್ತಾಗ್ತಿತ್ತು," ಅಂದರು. "ಭಯ ಆಗಿದೆ. ಮಾತಾಡಿದ್ರೆ ಅದೇ ಬಾಯಿಂದ ಬರ್ತಿತ್ತು, ಅದಕ್ಕೆ ಸುಮ್ನಿದ್ದೆ. ನೀನು ಒಳ್ಳೇದಕ್ಕೇ ಮಾಡ್ದೆ ಅಂತ ಅವಳಿಗೂ ಗೊತ್ತು. ಇಲ್ದಿದ್ರೆ ಇಲ್ಲಿ ಕೂರಕ್ಕೆ ನಿಂಗೆ ಕಾಲು ಎಲ್ಲಿರ್ತಿತ್ತು?"

ಆಮೇಲೆ ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನನಗೆ ಅಳು ಬಂತು. ಮಗು ಒದೆಯುತ್ತಿದೆ. ಒದ್ದಾಗಲೆಲ್ಲ ಆ ಮಣ್ಣಿನ ಕಡೆ ನೋಡುತ್ತೇನೆ. ಅಲ್ಲಿ ಏನೂ ಅಲುಗುವುದಿಲ್ಲ.

ಎಕುವ


ಕಾಪುರೊ
23 ಮೇ 1977

ಅಪ್ಪಾ, ಒಡೆದವು!

ನಿನ್ನೆ ಬೆಳಗ್ಗೆ. ಹಿಂದಿನ ದಿನ ಮೊದಲ ಮಳೆ ಬಿದ್ದಿತ್ತು. ಮಾವ ಎಂದಿನಂತೆ ಹೆಸರು ಕೂಗುತ್ತಿದ್ದರು. ನನ್ನ ಹೆಸರು ಕೂಗಿದಾಗ ಓ ಅಂದೆ. ಆ ದನಿಯ ಹಿಂದೆಯೇ ನೆಲದೊಳಗಿಂದ ಕೋಳಿಮರಿಯಂಥ ಸಣ್ಣ ದನಿ. ಮಾವ ಬಾಯಿ ತೆರೆದವರು ಹಾಗೇ ನಿಂತರು. ಮನೆಯವರೆಲ್ಲ ಬಂದು ಸುತ್ತ ನಿಂತರು.

ಹಿರಿಯಳು ಮುಂಗಾಲಿನಿಂದ ಮಣ್ಣು ತೆಗೆಯತೊಡಗಿದಳು. ಅಷ್ಟು ಭಾರದ ದೇಹ, ಅಂಥ ಉಗುರು, ಆದರೂ ಒಂದು ಮೊಟ್ಟೆಗೂ ಪೆಟ್ಟಾಗಲಿಲ್ಲ. ಆಮೇಲೆ ತಲೆ ತಗ್ಗಿಸಿ ಬಾಯಿ ತೆರೆದಳು. ನೀನು ನೆನೆದು ಹಲ್ಲು ಕಚ್ಚುವ ಅದೇ ಬಾಯಿ ಅಪ್ಪಾ. ಗೇಣುದ್ದದ ಮರಿಗಳು ತಾವಾಗಿ ಅದರೊಳಗೆ ಹತ್ತಿದವು. ಹತ್ತಲಾರದ್ದನ್ನು ಹಲ್ಲಿನ ತುದಿಯಲ್ಲಿ ಹಿಡಿದು ಎತ್ತಿಕೊಂಡಳು. ಒಂದಕ್ಕೂ ಗೀರಾಗಲಿಲ್ಲ. ಬಾಯಿ ತುಂಬಿಕೊಂಡು, ನಮ್ಮೆಲ್ಲರ ನಡುವೆ ಹೆಜ್ಜೆ ಎಣಿಸುವಂತೆ ನಡೆದು ಹೋಗಿ ನೀರಿಗೆ ಬಿಟ್ಟು ಬಂದಳು.

ಒಂಬತ್ತು ಬಂದವು. ಉಳಿದವುಗಳಿಂದ ದನಿ ಇಲ್ಲ. ಅವಳು ಬಿಡಲಿಲ್ಲ. ಒಂದೊಂದು ಮೊಟ್ಟೆಯನ್ನೂ ಬಾಯಿಗೆ ತೆಗೆದುಕೊಂಡು ನಾಲಿಗೆಗೂ ಅಂಗುಳಿಗೂ ನಡುವೆ ಮೆಲ್ಲಗೆ ಉರುಳಿಸಿದಳು. ಸಿಪ್ಪೆ ಬಿರಿಯುವುದು ನಮಗೆ ಕೇಳಿಸಿತು. ಹಾಗೆ ಮಾಡಿದ್ದರಲ್ಲಿ ಒಂದು ಮಾತ್ರ ಉಸಿರಾಡಿತು. ಅದು ಅವಳ ನಾಲಿಗೆಯ ಮೇಲೆ ಕೂತು ನಮ್ಮ ಕಡೆ ನೋಡಿತು. ಹತ್ತನೆಯದು. ಅತ್ತೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟರು. ನಾನು ಗೂಡು ಅಗೆದ ಮೇಲೆ ಇದೇ ಮೊದಲು.

ಉಳಿದವು ನನ್ನ ಕೈಯಿಂದಲೇ ಹೋದವು. ಇದನ್ನು ಯಾರು ಏನೇ ಹೇಳಿದರೂ ನಾನು ಬಲ್ಲೆ. ಮಾವ ಅವನ್ನು ಬಟ್ಟೆಯಲ್ಲಿ ಸುತ್ತಿ ಹೂತರು. ನಾನು ಅಳುತ್ತಿದ್ದಾಗ ಅತ್ತೆ, "ಅಳು. ಆದ್ರೆ ಸಂಜೆಯೊಳಗೆ ಮುಗಿಸು, ಒಳಗಿರೋನಿಗೆ ನಿದ್ದೆ ಬರಲ್ಲ" ಅಂದರು.

ಅವರೇ ಈಗ ನನ್ನ ಗಂಟು ಕಟ್ಟುತ್ತಿದ್ದಾರೆ. ನಿಮ್ಮಪ್ಪನ ಮಾತು ಮೀರಿ ಇಷ್ಟು ದಿನ ಇಟ್ಟುಕೊಂಡೆವು, ರಸ್ತೆ ಕೆಡುವ ಮೊದಲು ಹೋಗು ಅನ್ನುತ್ತಾರೆ. ನನಗೆ ಮಗು ಇಲ್ಲೇ ಹುಟ್ಟಲಿ ಎಂದು ಆಸೆ. ಆದರೆ ನಿನ್ನ ಮಾತನ್ನು ಮೂರನೆಯ ಸಲ ಮೀರಲಾರೆ. ಬಾ ಎಂದರೆ ಬರುತ್ತೇನೆ.

ಎಕುವ


ಎಲ್ಮಿನಾ
7 ಜೂನ್ 1977

ಎಕುವ ತಾಯೀ,

ನಿನ್ನ ಪತ್ರವನ್ನು ನಿನ್ನ ಅಮ್ಮ ಮೂರು ಸಲ ಓದಿಸಿದಳು. ಮೂರನೆಯ ಸಲ, ಬಾಯಿ ತೆರೆದು ಮರಿಗಳನ್ನು ಎತ್ತಿಕೊಂಡಳು ಎಂಬಲ್ಲಿಗೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. ಎದ್ದು ಸಮುದ್ರದ ಕಡೆ ಹೋದೆ. ಆ ಬಾಯಿ ಹಾಗೂ ತೆರೆಯಬಲ್ಲದು ಎಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ನೀನು ಬರಬೇಡ. ಈ ಸ್ಥಿತಿಯಲ್ಲಿ ಲಾರಿ ಹತ್ತಬೇಡ. ಹೆರಿಗೆ ತಾಯಿಯ ಕೈಯಲ್ಲಿ ಆಗಬೇಕು, ಅಷ್ಟೇ ತಾನೇ? ತಾಯಿಯನ್ನು ನಾನೇ ಕರೆದುಕೊಂಡು ಬರುತ್ತೇನೆ. ದೋಣಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಆಯಿತು. ಈ ಪತ್ರ ಇಂದಿನ ಲಾರಿಯಲ್ಲಿ ಮುಂದೆ ಬರುತ್ತದೆ, ನಾವು ಶುಕ್ರವಾರ ಬುಕಾರಿಯ ಜೊತೆ ಹೊರಡುತ್ತೇವೆ. ಇದಕ್ಕೂ ಚೌಕಾಸಿ ಇಲ್ಲ.

ನನಗೆ ಭಯ ಹೋಗಿದೆ ಎಂದು ತಿಳಿಯಬೇಡ. ಆದರೆ ನನ್ನ ಮೊಮ್ಮಗು ಹೆಜ್ಜೆ ಕಲಿಯುವ ಅಂಗಳ ಅದು. ಅಲ್ಲಿ ನಾನು ಕಾಲಿಡದಿದ್ದರೆ, ಅದು ಯಾರ ಕೈ ಹಿಡಿದು ನಡೆಯುತ್ತದೆ?

ನಿನ್ನ ಮಾವನಿಗೆ ನನ್ನ ಒಂದು ಮಾತು ಹೇಳು. ನಾವು ಬಂದು ಇಳಿಯುವ ಹೊತ್ತಿಗೆ ಅವಳು ದಾರಿಗೆ ಅಡ್ಡ ಮಲಗಿದ್ದರೆ, ನೆಂಟರು ಬಂದರೆಂದು ಯಾರೂ ಅವಳನ್ನು ಏಳಿಸುವುದು ಬೇಡ. ಅವಳು ತಾನಾಗಿ ಏಳುವವರೆಗೆ ನಾನು ಹೊರಗೆ ನಿಂತಿರುತ್ತೇನೆ.

ನಿನ್ನ ಅಪ್ಪ
ಎಗ್ಯಿರ್ ಎಸಿಲ್ಫಿ